ಗಂಟೆಯ ಲೆಕ್ಕ ಸಾಲದು

‘ದಿನಕ್ಕೆ ಎಷ್ಟು ಗಂಟೆ ಆಡಿದರೆ ಗೀಳು ಎನ್ನುತ್ತಾರೆ?’ ಮೊಬೈಲ್ ಆಟದ ಮಾತು ಬಂದಾಗ ತಂದೆತಾಯಿಯರು ಮೊದಲು ಕೇಳುವ ಪ್ರಶ್ನೆ ಇದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ಆ ಪಟ್ಟಿಯ 11ನೇ ಆವೃತ್ತಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಒಂದು ಕಾಯಿಲೆಯಾಗಿ ಸೇರಿದೆ. ಆದರೆ ಗಂಟೆಯ ಮಿತಿ ಎಲ್ಲಿಯೂ ಇಲ್ಲ. ವೈದ್ಯರು ಕೇಳಬೇಕಾದದ್ದು ಬೇರೆ. ಯಾವಾಗ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬ ಹಿಡಿತ ಕೈತಪ್ಪಿದೆಯೇ? ಊಟ, ನಿದ್ದೆ, ಓದು, ಗೆಳೆತನಗಳನ್ನು ಹಿಂದಕ್ಕೆ ತಳ್ಳಿ ಆಟ ಮುಂದೆ ಕುಳಿತಿದೆಯೇ? ಆಗುತ್ತಿರುವ ಹಾನಿ ತನಗೇ ಕಾಣುತ್ತಿದ್ದರೂ ಆಟ ಮುಂದುವರಿದಿದೆಯೇ? ಈ ಸ್ಥಿತಿ ಬದುಕನ್ನು ಹದಗೆಡಿಸಿ, ಸಾಮಾನ್ಯವಾಗಿ 12 ತಿಂಗಳಾದರೂ ಉಳಿದಿದ್ದರೆ ಮಾತ್ರ ಕಾಯಿಲೆಯ ಹೆಸರು.

ಬೇಸಿಗೆ ರಜೆಯಲ್ಲಿ ಐದು ಗಂಟೆ ಆಡಿಯೂ, ಗೆಳೆಯ ಬಂದು ಕರೆದೊಡನೆ ಬ್ಯಾಟು ಹಿಡಿದು ಓಡುವ ಹುಡುಗನ ಬಗ್ಗೆ ನನಗೆ ಚಿಂತೆಯಿಲ್ಲ. ಎರಡೇ ಗಂಟೆ ಆಡಿದರೂ, ಅದನ್ನು ಹೊದಿಕೆಯೊಳಗೆ ನಡುರಾತ್ರಿ ಆಡಿ, ಬೆಳಿಗ್ಗೆ ಸುಳ್ಳು ಹೇಳಿ, ತರಗತಿಯಲ್ಲಿ ತೂಕಡಿಸುವ ಹುಡುಗನ ಬಗ್ಗೆ ಇದೆ.

ಈ ಸೆಳೆತ ಹುಟ್ಟುವುದೆಲ್ಲಿ? 1998ರಲ್ಲಿ ಲಂಡನ್ನಿನ ಸಂಶೋಧಕರು ಎಂಟು ಮಂದಿ ಪುರುಷರಿಗೆ ಯುದ್ಧಟ್ಯಾಂಕ್ ಓಡಿಸುವ ವಿಡಿಯೊ ಆಟ ಕೊಟ್ಟು, ಆಡುತ್ತಿರುವಾಗಲೇ ಮೆದುಳಿನ ಸ್ಕ್ಯಾನ್ ತೆಗೆದರು. ಡೋಪಮಿನ್ ಎಂಬ ರಾಸಾಯನಿಕದ ಸ್ರಾವ ಹೆಚ್ಚಿದ್ದು ಕಂಡಿತು. ಚೆನ್ನಾಗಿ ಆಡಿದವರಲ್ಲಿ ಇನ್ನೂ ಹೆಚ್ಚು. ಡೋಪಮಿನ್ಅನ್ನು ಸುಖದ ರಾಸಾಯನಿಕ ಎನ್ನುವ ರೂಢಿಯಿದೆ. ನಿಜಕ್ಕೂ ಅದು ಸುಖಕ್ಕಿಂತ ನಿರೀಕ್ಷೆಯ ರಾಸಾಯನಿಕ: ‘ಮುಂದಿನ ಸಲ ಸಿಗಬಹುದು’ ಎಂಬ ತುಡಿತಕ್ಕೆ ಬಲ ಕೊಡುವಂಥದ್ದು. ಪ್ರತಿ ಕುಕ್ಕಿಗೂ ಕಾಳು ಸಿಗುವ ಪಾರಿವಾಳಕ್ಕಿಂತ, ಯಾವ ಕುಕ್ಕಿಗೆ ಕಾಳು ಬೀಳುತ್ತದೆಂದು ತಿಳಿಯದ ಪಾರಿವಾಳ ಬಿಡದೆ ಕುಕ್ಕುತ್ತಿರುತ್ತದೆ ಎಂಬುದನ್ನು ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಬಹಳ ಹಿಂದೆಯೇ ತೋರಿಸಿದ್ದರು. ಆಟಗಳಲ್ಲಿ ಹಣ ಕೊಟ್ಟು ತೆರೆಯುವ, ಒಳಗೇನಿದೆಯೆಂದು ಮೊದಲೇ ತಿಳಿಯದ ‘ಲೂಟ್ ಬಾಕ್ಸ್’ ನಿಂತಿರುವುದು ಇದೇ ತಂತ್ರದ ಮೇಲೆ. 2018ರಲ್ಲಿ ಬೆಲ್ಜಿಯಂ ಇದನ್ನು ಜೂಜೆಂದೇ ಪರಿಗಣಿಸಿತು. ಇಷ್ಟೆಲ್ಲ ಲೆಕ್ಕ ಹಾಕಿ ಕಟ್ಟಿದ ವಸ್ತುವನ್ನು ಹನ್ನೆರಡರ ಮಗುವಿನ ಕೈಗೆ ಕೊಟ್ಟು, ಸೋತಾಗ ‘ನಿನಗೆ ಮನೋಬಲವಿಲ್ಲ’ ಎಂದು ಬೈಯುವುದು ಅನ್ಯಾಯ.

ಮೊಬೈಲ್ ಕಿತ್ತುಕೊಂಡಾಗ ಮಗು ಸಿಡಿಮಿಡಿಗೊಂಡರೆ ಮನೆಯವರಿಗೆ ಅದು ಸೊಕ್ಕಿನಂತೆ ಕಾಣುತ್ತದೆ. ಆದರೆ ಆ ಸಿಟ್ಟು, ಚಡಪಡಿಕೆ, ಮಂಕು ಕೂಡ ಗೀಳಿನ ಲಕ್ಷಣಗಳೇ ಆಗಿರಬಹುದು. ಅದಕ್ಕಿಂತಲೂ ಮುಖ್ಯವಾಗಿ, ಆಟದ ಹಿಂದೆ ಇನ್ನೊಂದು ನೋವು ಅಡಗಿರುವುದುಂಟು: ಖಿನ್ನತೆ, ಜನರೆದುರು ಅಳುಕು, ಗಮನ ನಿಲ್ಲದ ಎಡಿಎಚ್‌ಡಿ, ಶಾಲೆಯಲ್ಲಿ ನಿತ್ಯದ ಗೇಲಿ. ತರಗತಿಯಲ್ಲಿ ಯಾರೂ ಮಾತನಾಡಿಸದ ಹುಡುಗ ಆಟದ ತಂಡದಲ್ಲಿ ನಾಯಕನಾಗಿರಬಹುದು. ಅವನಿಂದ ಮೊಬೈಲ್ ಕಸಿದರೆ ಅವನಿಗಿದ್ದ ಒಂದೇ ಒಂದು ಗೌರವದ ಜಾಗವನ್ನೂ ಕಸಿದಂತೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ 2014ರಲ್ಲಿ ‘ಶಟ್’ ಕ್ಲಿನಿಕ್ ಆರಂಭವಾಯಿತು. ಹೆಸರು ಕೇಳಿದರೆ ‘ಮುಚ್ಚು’ ಎನ್ನುವಂತಿದೆ. ವಿಸ್ತರಿಸಿದರೆ ‘ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ಸೇವೆ’ ಎಂದರ್ಥ. ಬಳಕೆ ಎಂಬ ಆ ಪದ ನನಗೆ ಮುಖ್ಯವೆನಿಸುತ್ತದೆ. ಪಾಠ, ಬ್ಯಾಂಕು, ಟಿಕೆಟ್ಟು ಎಲ್ಲವೂ ಮೊಬೈಲಿನಲ್ಲಿರುವಾಗ ಅದನ್ನು ಪೂರ್ತಿ ಬಿಟ್ಟು ಬದುಕುವುದು ಯಾರಿಗೂ ಸಾಧ್ಯವಿಲ್ಲ.

ಸದ್ಯಕ್ಕೆ ಹೆಚ್ಚು ಪುರಾವೆ ಇರುವುದು ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಮಾತಿನ ಚಿಕಿತ್ಸೆಗೆ. ಯಾವ ಹೊತ್ತಿನಲ್ಲಿ, ಯಾವ ಬೇಸರದಲ್ಲಿ ಕೈ ಮೊಬೈಲಿನತ್ತ ಹೋಗುತ್ತದೆ ಎಂಬುದನ್ನು ರೋಗಿಯೇ ಬರೆದಿಡುತ್ತಾನೆ. ಆ ಹೊತ್ತಿಗೆ ಬೇರೇನು ಮಾಡಬಹುದೆಂದು ಚಿಕಿತ್ಸಕರ ಜತೆ ಯೋಚಿಸಿ, ಅಭ್ಯಾಸ ಮಾಡುತ್ತಾನೆ. ಜರ್ಮನಿ ಮತ್ತು ಆಸ್ಟ್ರಿಯಾದಲ್ಲಿ 143 ಪುರುಷರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಥ 15 ವಾರಗಳ ಚಿಕಿತ್ಸೆ ಪಡೆದವರಲ್ಲಿ ಸುಮಾರು ಶೇ 69ರಷ್ಟು ಮಂದಿ ಗೀಳಿನಿಂದ ಹೊರಬಂದರು. ಚಿಕಿತ್ಸೆಗಾಗಿ ಕಾಯುತ್ತಿದ್ದ ಗುಂಪಿನಲ್ಲಿ ಹೀಗಾದದ್ದು ಸುಮಾರು ಶೇ 24ರಷ್ಟು ಮಂದಿಗೆ. ಖಿನ್ನತೆಯೋ ಎಡಿಎಚ್‌ಡಿಯೋ ಜತೆಗಿದ್ದರೆ ಅದಕ್ಕೆ ಔಷಧಿ ಬೇಕಾಗಬಹುದು; ಅದನ್ನು ಮನೋವೈದ್ಯರೇ ನಿರ್ಧರಿಸಬೇಕು.

ಮನೆಯಲ್ಲಿ ಮೊದಲು ಸರಿಪಡಿಸಬೇಕಾದದ್ದು ನಿದ್ದೆ. ರಾತ್ರಿ ಎಲ್ಲರ ಮೊಬೈಲುಗಳೂ, ಅಪ್ಪ ಅಮ್ಮನದೂ ಸೇರಿ, ಮಲಗುವ ಕೋಣೆಯ ಹೊರಗೆ ಚಾರ್ಜ್ ಆಗಲಿ. ಆಟದ ಹೊತ್ತನ್ನು ಮಗುವಿನೊಡನೆ ಕೂತು ಮಾತನಾಡಿ ಗೊತ್ತುಮಾಡಿರಿ. ಒಂದು ಪಂದ್ಯದ ನಡುವೆ ಏಳು ಎನ್ನುವುದಕ್ಕಿಂತ, ಅದು ಮುಗಿದ ಮೇಲೆ ಏಳು ಎಂದರೆ ಜಗಳ ಕಡಿಮೆ. ತೆರವಾದ ಸಂಜೆಗೆ ಮೈದಾನವೋ ಈಜೋ ಅಡುಗೆಮನೆಯ ಕೆಲಸವೋ ಏನಾದರೂ ಇರಲೇಬೇಕು. ಶಾಲೆ ತಪ್ಪುತ್ತಿದ್ದರೆ, ಮನೆಯ ಹಣ ಕಾಣೆಯಾಗುತ್ತಿದ್ದರೆ, ಮಗು ಸಾಯುವ ಮಾತಾಡಿದರೆ ತಡಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.