ಎನ್‌ಕೋಡಿಂಗ್: ‘ಪಾಲು’ ಅಂದರೆ ಭಾಗವೋ, ಹಾಲೋ?

ಬಳ್ಳಾರಿಯವರಿಗೆ ‘ಎನ್‌ಕೋಡಿಂಗ್’ ಅನ್ನುವ ಪದ ಅರ್ಥ ಮಾಡಿಸುವುದು ಸುಲಭ. ‘ಪಾಲು’ ಅಂತ ಒಂದು ಮಾತು ಕಿವಿಗೆ ಬಿತ್ತು ಅನ್ನಿ. ಕನ್ನಡದವರಿಗೆ ಅದು ಆಸ್ತಿಯಲ್ಲಿ ಬರಬೇಕಾದ ಭಾಗ. ಪಕ್ಕದ ಮನೆಯ ತೆಲುಗು ಅಜ್ಜಿಗೆ ಹಾಲು. ಸದ್ದು ಒಂದೇ, ಕೇಳಿದವರು ಯಾವ ಭಾಷೆ ಅಂದುಕೊಂಡರೋ ಅದರಂತೆ ಅರ್ಥ.

ಕಂಪ್ಯೂಟರಿನ ಕಥೆಯೂ ಹೀಗೇ. ಅದಕ್ಕೆ ಅಕ್ಷರ ಗೊತ್ತಿಲ್ಲ, ಬರೀ ಅಂಕಿ ಗೊತ್ತು. ಯಾವ ಅಕ್ಷರಕ್ಕೆ ಯಾವ ಅಂಕಿ ಅಂತ ಹೇಳುವ ಏರ್ಪಾಟೇ ಎನ್‌ಕೋಡಿಂಗ್. ಬರೆದದ್ದು ಒಂದು ಪಟ್ಟಿ ನೋಡಿ, ಓದುವುದು ಇನ್ನೊಂದು ಪಟ್ಟಿ ನೋಡಿ ಅಂದರೆ ಎಡವಟ್ಟು.

ಇಲ್ಲೇ ಜೀನ್ಸ್ ಹೊಲಿಸುವ ಗೆಳೆಯನಿಗೆ ಒಮ್ಮೆ ಕೆಲಸಗಾರರ ಹೆಸರುಗಳನ್ನು ಸಿಎಸ್‌ವಿ ಫೈಲ್, ಅಂದರೆ ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಟ್ಟಿ, ಮಾಡಿಕೊಟ್ಟಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗೇ ಇತ್ತು. ಪೆನ್‌ಡ್ರೈವಿನಲ್ಲಿ ಒಯ್ದು ಅವನ ಹಳೇ ಸಿಸ್ಟಮಿನಲ್ಲಿ ತೆರೆದರೆ ಒಂದು ಹೆಸರೂ ಓದಲು ಬರುತ್ತಿಲ್ಲ. ‘ಫೈಲ್ ಕೆಟ್ಟೋತಲ್ಲಲೇ!’ ಅಂದ.

ಕೆಟ್ಟಿರಲಿಲ್ಲ. ‘ಕ’ ಅಕ್ಷರವನ್ನೇ ನೋಡಿ. ಜಗತ್ತಿನ ಲಿಪಿಗಳಿಗೆಲ್ಲ ನಂಬರ್ ಕೊಡುವ ಪಟ್ಟಿಯಾದ ಯೂನಿಕೋಡಿನಲ್ಲಿ ಅದರ ನಂಬರ್ 3221. ಆ ನಂಬರನ್ನು ಫೈಲಿನಲ್ಲಿ ಇಡುವ ಒಂದು ಬಗೆ ಯುಟಿಎಫ್-8. ಅದು 224, 178, 149 ಅಂತ ಮೂರು ಬೈಟ್ (0ರಿಂದ 255ರವರೆಗಿನ ಒಂದೊಂದು ಅಂಕಿ) ಮಾಡಿ ಇಡುತ್ತದೆ. ಅವನ ಸಿಸ್ಟಮ್ ಓದಿದ್ದು ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮಾಡಿದ ವಿಂಡೋಸ್-1252 ಪಟ್ಟಿ ನೋಡಿ. ಅದರಲ್ಲಿ ಒಂದು ಬೈಟಿಗೆ ಒಂದು ಅಕ್ಷರ. ಅದರ ಪ್ರಕಾರ 224 ಅಂದರೆ ತಲೆ ಮೇಲೆ ಓರೆ ಗೆರೆ ಹೊತ್ತ ಇಂಗ್ಲಿಷಿನ ಎ. 178 ಅಂದರೆ ಮೇಲಕ್ಕೆ ಬರೆದ ಪುಟಾಣಿ ಎರಡು. 149 ಅಂದರೆ ದಪ್ಪ ಚುಕ್ಕಿ. ಒಂದು ‘ಕ’ ಮೂರು ತುಂಡಾಯಿತು, ಅಲ್ವಾ? ಯುಟಿಎಫ್-8ರಲ್ಲಿ ಕನ್ನಡದ ಅಕ್ಷರ, ಕಾಗುಣಿತದ ಗುರುತು ಎಲ್ಲವೂ 224ರಿಂದಲೇ ಶುರು, ಎರಡನೆಯ ಬೈಟು 178 ಇಲ್ಲವೇ 179. ಅದಕ್ಕೇ ಪರದೆ ತುಂಬಾ ಅದೇ ಗೆರೆ ಹೊತ್ತ ಎ ಕಾಣುವುದು. ಅದು ಕಂಡರೆ ನನಗಂತೂ ಸಮಾಧಾನ. ಒಳಗೆ ಕನ್ನಡ ಇದ್ದಲ್ಲೇ ಇದೆ.

ಸೇವ್ ಒತ್ತದೆ ಮುಚ್ಚಿದೆ. ಆಮೇಲೆ ಡಬಲ್ ಕ್ಲಿಕ್ ಮಾಡುವ ಬದಲು ಇಂಪೋರ್ಟ್‌ಗೆ ಹೋಗಿ ಯುಟಿಎಫ್-8 ಆರಿಸಿದೆ. ಹೆಸರುಗಳೆಲ್ಲ ಬಂದವು. ಇಂಥ ಕಲಸುಮೇಲೋಗರಕ್ಕೆ ಜಪಾನೀಯರು ‘ಮೊಜಿಬಾಕೆ’ ಅನ್ನುತ್ತಾರೆ. ವೇಷ ಬದಲಿಸಿದ ಅಕ್ಷರ ಅಂತ ಇಟ್ಟುಕೊಳ್ಳಿ.

ಖಾಲಿ ಚೌಕಗಳು ಕಂಡರೆ ಅದು ಬೇರೆ ಕಾಯಿಲೆ. ಸಾಮಾನ್ಯವಾಗಿ ಫಾಂಟ್ ಇರುವುದಿಲ್ಲ, ಹಾಕಿಕೊಂಡರೆ ಸರಿ. ಹೆದರಬೇಕಾದದ್ದು ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳಿಗೆ. ಕನ್ನಡವೇ ಇಲ್ಲದ ಪಟ್ಟಿಯಲ್ಲಿ ಸೇವ್ ಮಾಡಿದರೆ ಎಷ್ಟೋ ತಂತ್ರಾಂಶಗಳು ಪ್ರತಿ ಅಕ್ಷರದ ಜಾಗಕ್ಕೂ 63, ಅಂದರೆ ಪ್ರಶ್ನಾರ್ಥಕ ಚಿಹ್ನೆ, ಬರೆದುಬಿಡುತ್ತವೆ. ಹಳೇ ಪ್ರತಿ ಇಲ್ಲದಿದ್ದರೆ ಆ ಹೆಸರುಗಳು ಹೋದವು ಅಂತಲೇ.

ಇನ್ನು ಡಿಟಿಪಿ ಅಂಗಡಿಯ ಲಗ್ನಪತ್ರಿಕೆ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಬಗೆಯ ಫಾಂಟುಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಅಂಕಿಗಳ ಮೇಲೆ ಕನ್ನಡದ ಚಿತ್ರ ಕೂರಿಸಿದ್ದವು. ಆ ಬರಹವನ್ನು ಫೋನಿಗೆ ಕಾಪಿ ಮಾಡಿದರೆ ವರನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಚೂರುಪಾರು. ಇಲ್ಲಿ ಎನ್‌ಕೋಡಿಂಗ್ ಎಷ್ಟು ಬದಲಿಸಿದರೂ ಕನ್ನಡ ಬರುವುದಿಲ್ಲ, ಯಾಕೆಂದರೆ ಫೈಲಿನೊಳಗೆ ಅದು ಮೊದಲಿನಿಂದಲೂ ಇಲ್ಲ. ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ಯೂನಿಕೋಡ್ ಮಾಡಿಸಿಕೊಳ್ಳಬೇಕು. ಒತ್ತಕ್ಷರಗಳನ್ನು ಆಮೇಲೆ ಒಮ್ಮೆ ಕಣ್ಣಾರೆ ನೋಡಿಬಿಡಿ.