ಬೂಷ್ಟು ಹಿಡಿದ ಕಾಳನ್ನು ಚೆನ್ನಾಗಿ ಬೇಯಿಸಿದರೆ ವಿಷ ಹೋಗುವುದಿಲ್ಲವೇ?

ಪ್ರಶ್ನೆ: ಕೂಡಿಟ್ಟ ಮುಸುಕಿನ ಜೋಳದಲ್ಲಿ ಅಲ್ಲಲ್ಲಿ ಬೂಷ್ಟು ಕಾಣಿಸಿಕೊಂಡಿದೆ. ತೊಳೆದು, ಬಿಸಿಲಿಗೆ ಹಾಕಿ, ಚೆನ್ನಾಗಿ ಬೇಯಿಸಿದರೆ ತಿನ್ನಬಹುದಲ್ಲವೇ?

ಉತ್ತರ: ತಿನ್ನಬಾರದು. ಕಾಳಿನ ಹೆಸರನ್ನಷ್ಟೇ ಬದಲಾಯಿಸಿಕೊಂಡು, ಒಮ್ಮೆ ಗೋಧಿಯೆಂದೂ ಒಮ್ಮೆ ಶೇಂಗಾವೆಂದೂ, ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ; ಉತ್ತರ ಮಾತ್ರ ಬದಲಾಗಿಲ್ಲ. ತೇವ ಉಳಿದ ಕಾಳಿಗೆ ಬೂಷ್ಟು ಬರುತ್ತದೆಂದು ಧಾನ್ಯ ಕೂಡಿಟ್ಟವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಬೆಂಕಿ ಎಲ್ಲವನ್ನೂ ಶುದ್ಧಮಾಡುತ್ತದೆ ಎಂಬ ನಂಬಿಕೆಯನ್ನು ಎಷ್ಟು ಸಲ ಕಿತ್ತುಹಾಕಿದರೂ ಅದು ಮತ್ತೆ ಚಿಗುರುತ್ತದೆ.

ಬೆಂಕಿಗೆ ಸಾಯುವುದು ಜೀವವಿರುವಂಥದ್ದು. ಬೂಷ್ಟೆಂದರೆ ಶಿಲೀಂಧ್ರ; ಅದಕ್ಕೆ ಜೀವವಿದೆ, ಆದ್ದರಿಂದ ಅದು ಕುದಿಯುವ ನೀರಿನಲ್ಲಿ ಸಾಯುತ್ತದೆ. ಆದರೆ ಆಸ್ಪರ್ಜಿಲಸ್ ಫ್ಲೇವಸ್ ಮತ್ತು ಆಸ್ಪರ್ಜಿಲಸ್ ಪ್ಯಾರಾಸಿಟಿಕಸ್ ಎಂಬ ಶಿಲೀಂಧ್ರಗಳು ಬೆಳೆಯುತ್ತಾ ಕಾಳಿನೊಳಗೆ ಬಿಟ್ಟುಹೋಗುವ ಅಫ್ಲಟಾಕ್ಸಿನ್ ಒಂದು ರಾಸಾಯನಿಕ ವಸ್ತು. ಅದಕ್ಕೆ ಜೀವವೇ ಇಲ್ಲದಿರುವಾಗ ಸಾಯುವ ಮಾತೆಲ್ಲಿಂದ ಬಂತು? ಉಪ್ಪುನೀರನ್ನು ಎಷ್ಟು ಹೊತ್ತು ಕುದಿಸಿದರೂ ಉಪ್ಪು ಪಾತ್ರೆಯಲ್ಲಿಯೇ ಉಳಿಯುವುದನ್ನು ಎಲ್ಲರೂ ಬಲ್ಲರು. ಅಫ್ಲಟಾಕ್ಸಿನ್‌ಗಳಲ್ಲಿ ಹಲವು ಬಗೆಗಳಿವೆ; ಅವುಗಳಲ್ಲಿ ಅತ್ಯಂತ ಅಪಾಯಕಾರಿಯಾದ ಅಫ್ಲಟಾಕ್ಸಿನ್ ಬಿ1 ಪೂರ್ತಿಯಾಗಿ ಒಡೆಯಲು ಸುಮಾರು 268 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ತೆರೆದ ಪಾತ್ರೆಯ ನೀರು 100 ಡಿಗ್ರಿ ದಾಟುವುದಿಲ್ಲ, ಪ್ರೆಶರ್ ಕುಕ್ಕರ್ ಸುಮಾರು 120 ಡಿಗ್ರಿಗೆ ನಿಲ್ಲುತ್ತದೆ.

ಹುರಿದರೆ ವಿಷ ಕಡಿಮೆಯಾಗುತ್ತದೆಂದು ಎಲ್ಲೋ ಓದಿದವರು ಇಲ್ಲಿ ಆಕ್ಷೇಪವೆತ್ತುತ್ತಾರೆ. ಅವರು ಓದಿದ್ದು ಸುಳ್ಳಲ್ಲ. ಹುರಿಯುವುದರಿಂದ, ಒತ್ತಡದಲ್ಲಿ ಬೇಯಿಸುವುದರಿಂದ ಒಂದಷ್ಟು ಭಾಗ ನಾಶವಾಗುವುದುಂಟು. ಎಷ್ಟೆಂಬುದು ಶಾಖ, ಸಮಯ ಮತ್ತು ಕಾಳಿನ ತೇವಾಂಶಗಳನ್ನು ಅವಲಂಬಿಸಿದೆ. ಆದರೆ ಮೊದಲಿಗೆ ಎಷ್ಟಿತ್ತೆಂಬುದೇ ತಿಳಿಯದಿರುವಾಗ ಅರ್ಧ ಹೋಯಿತೆಂದು ಸಮಾಧಾನಪಡುವುದಕ್ಕೆ ಆಧಾರವೇನು? ತೊಳೆಯುವುದರ ಕಥೆಯೂ ಇಷ್ಟೆ: ಮೇಲಿನ ಪುಡಿ ಹೋಗಿ ಕಾಳು ಚೊಕ್ಕಟವಾಗಿ ಕಾಣುತ್ತದೆ, ಒಳಗಿಳಿದದ್ದು ಒಳಗೇ ಇರುತ್ತದೆ. ಬಿಸಿಲಿನ ಕೆಲಸವಿರುವುದು ಬೂಷ್ಟು ಬರುವುದಕ್ಕೆ ಮೊದಲು. ಧಾನ್ಯದ ತೇವಾಂಶವನ್ನು ಶೇಕಡಾ 13ಕ್ಕಿಂತ ಕೆಳಗೆ, ಸುಲಿದ ಶೇಂಗಾದಲ್ಲಿ ಇನ್ನೂ ಕೆಳಗೆ ಇಳಿಸಿ ಕೂಡಿಟ್ಟರೆ ಶಿಲೀಂಧ್ರಕ್ಕೆ ಬೆಳೆಯಲು ಎಡೆಯಿರದು. ಬೂಷ್ಟು ಬಂದಮೇಲೆ ಒಣಗಿಸಿದರೆ ಬೆಳವಣಿಗೆ ನಿಲ್ಲುತ್ತದೆಯೇ ಹೊರತು, ಕಾಳಿನೊಳಗೆ ಆಗಲೇ ಸೇರಿದ ವಿಷ ಹೊರಗೆ ಬರುವುದಿಲ್ಲ.

ಇಷ್ಟೆಲ್ಲ ಹೇಳಿದಮೇಲೂ, ‘ನಾವು ಬೇಯಿಸಿ ತಿಂದಿದ್ದೇವೆ, ಏನೂ ಆಗಿಲ್ಲ’ ಎಂಬ ಕೊನೆಯ ವಾದವೊಂದು ಬಾಕಿಯಿರುತ್ತದೆ. ಅಫ್ಲಟಾಕ್ಸಿನ್ ಬಹುಪಾಲು ಸಂದರ್ಭಗಳಲ್ಲಿ ಆ ದಿನ ಹೊಟ್ಟೆ ಕೆಡಿಸುವ ವಿಷವಲ್ಲ. ಸಣ್ಣ ಪ್ರಮಾಣದಲ್ಲಿ ವರ್ಷಗಟ್ಟಲೆ ಒಳಸೇರಿ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವುದು ಅದರ ರೀತಿ. ಹೆಪಟೈಟಿಸ್ ಬಿ ಸೋಂಕು ಇರುವವರಲ್ಲಿ ಈ ಅಪಾಯ ಹಲವು ಪಟ್ಟು ಹೆಚ್ಚು. ಪ್ರಮಾಣ ಮಿತಿಮೀರಿದಾಗ ಮಾತ್ರ ಕಾಮಾಲೆಯಾಗಿ ಬೇಗನೆ ಹೊರಬೀಳುತ್ತದೆ. 2004ರಲ್ಲಿ ಕೀನ್ಯಾದಲ್ಲಿ ಕಲುಷಿತ ಮುಸುಕಿನ ಜೋಳದಿಂದ 317 ಜನರು ಕಾಯಿಲೆ ಬಿದ್ದು, ಅವರಲ್ಲಿ 125 ಜನರು ತೀರಿಕೊಂಡರು. ಅದು ಅವರ ನಿತ್ಯದ ಆಹಾರ, ಅದನ್ನು ಅವರು ಬೇಯಿಸಿಯೇ ಉಣ್ಣುತ್ತಿದ್ದರು.

ಹಾಗಾದರೆ ಬೂಷ್ಟು ಕಂಡ ಕಾಳನ್ನಷ್ಟೇ ಆರಿಸಿ ತೆಗೆದರೆ? ಇದು ಬೇಯಿಸುವುದಕ್ಕಿಂತ ಎಷ್ಟೋ ಮೇಲು, ಏಕೆಂದರೆ ವಿಷ ರಾಶಿಯಲ್ಲಿ ಸಮನಾಗಿ ಹರಡಿರುವುದಿಲ್ಲ. ಕೆಲವೇ ಕಾಳುಗಳಲ್ಲಿ ಬಹುಪಾಲು ತುಂಬಿರುತ್ತದೆ. ಮುರುಟಿದ, ಒಡೆದ, ಹುಳು ಕೊರೆದ, ಬಣ್ಣಗೆಟ್ಟ ಕಾಳುಗಳನ್ನು ಬೇರೆ ಮಾಡಿದರೆ ರಾಶಿಯ ಒಟ್ಟು ವಿಷ ಗಣನೀಯವಾಗಿ ಇಳಿಯುತ್ತದೆ. ಆದರೆ ಉಳಿದದ್ದು ಸುರಕ್ಷಿತವೆಂದು ಕಣ್ಣು, ಮೂಗು, ನಾಲಗೆಗಳು ಹೇಳಲಾರವು. ಅಮೆರಿಕದಲ್ಲಿ ಆಹಾರಕ್ಕಿರುವ ಮಿತಿ ಕಿಲೋಗ್ರಾಮಿಗೆ 20 ಮೈಕ್ರೋಗ್ರಾಂ, ಐರೋಪ್ಯ ಒಕ್ಕೂಟದಲ್ಲಿ ನೇರವಾಗಿ ತಿನ್ನುವ ಧಾನ್ಯಕ್ಕೆ ಕೇವಲ 4. ಇಷ್ಟು ಸೂಕ್ಷ್ಮ ಪ್ರಮಾಣವನ್ನು ಪ್ರಯೋಗಾಲಯವೊಂದೇ ಹಿಡಿಯಬಲ್ಲದು. ಅದೂ ರಾಶಿಯ ಬೇರೆಬೇರೆ ಕಡೆಯಿಂದ ಮಾದರಿ ತೆಗೆದಿದ್ದರೆ ಮಾತ್ರ. ಒಂದೇ ಮೂಲೆಯ ಒಂದು ಹಿಡಿ ಕಾಳನ್ನು ಕಳುಹಿಸಿ ‘ವಿಷವಿಲ್ಲ’ ಎಂಬ ವರದಿ ಪಡೆದವರು ಪರೀಕ್ಷಿಸಿದ್ದು ಆ ಹಿಡಿಯನ್ನೇ ಹೊರತು ಚೀಲವನ್ನಲ್ಲ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಕೇಳದೆಯೇ ಮಾಡಿಬಿಡುತ್ತಾರೆ: ಮನುಷ್ಯರು ತಿನ್ನಬಾರದೆಂದರೆ ದನಕ್ಕೋ ಕೋಳಿಗೋ ಹಾಕಿದರಾಯಿತು. ಅಫ್ಲಟಾಕ್ಸಿನ್ ಪತ್ತೆಯಾದದ್ದೇ ಇಂಥ ಮೇವಿನಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತಾಗ, ಜಾಡು ಹಿಡಿದು ಹೋದವರಿಗೆ ಸಿಕ್ಕಿದ್ದು ಮೇವಿನಲ್ಲಿದ್ದ, ಬೂಷ್ಟು ಹಿಡಿದ ಶೇಂಗಾ ಹಿಂಡಿ. ಹಸು ಕೋಳಿಯಷ್ಟು ಬೇಗ ಸಾಯುವುದಿಲ್ಲ, ಆದರೆ ಅದರ ದೇಹ ಬಿ1 ಅನ್ನು ಎಂ1 ಎಂಬ ಇನ್ನೊಂದು ರೂಪಕ್ಕೆ ತಿರುಗಿಸಿ ಒಂದು ದಿನದೊಳಗೆ ಹಾಲಿಗೆ ಬಿಡುತ್ತದೆ. ಹಾಲನ್ನು ಕಾಯಿಸಿದರೂ ಪಾಶ್ಚರೀಕರಿಸಿದರೂ ಎಂ1 ಹೋಗುವುದಿಲ್ಲ, ಕಾರಣವನ್ನು ಮೇಲೆ ಹೇಳಿಯಾಗಿದೆ. ಅಂಥ ಮೇವನ್ನು ಈಗಾಗಲೇ ಹಾಕಿದ್ದರೆ ಇಂದೇ ನಿಲ್ಲಿಸಿ; ನಿಲ್ಲಿಸಿದ ಕೆಲವು ದಿನಗಳಲ್ಲಿ ಹಾಲಿನಿಂದ ವಿಷ ಇಳಿದುಹೋಗುತ್ತದೆ. ಅಲ್ಲಿಯವರೆಗಿನ ಹಾಲನ್ನು, ಮುಖ್ಯವಾಗಿ ಮಕ್ಕಳಿಗೆ, ಕೊಡಬೇಡಿ.