ರಾಯಚೂರಿನ ಕಿವಿ, ಎಸ್ಪೆರಾಂಟೊದ ವ್ಯಂಜನ

1887ರಲ್ಲಿ ವಾರ್ಸಾದ ಕಣ್ಣಿನ ವೈದ್ಯ ಝಾಮೆನ್‌ಹೋಫ್ ಪ್ರಕಟಿಸಿದ ಎಸ್ಪೆರಾಂಟೊ ಎಲ್ಲರಿಗೂ ಸುಲಭವಾಗಲೆಂದೇ ಕಟ್ಟಿದ ಭಾಷೆ. ಅಕ್ಷರಗಳು 28, ಒಂದೊಂದಕ್ಕೆ ಒಂದೇ ಧ್ವನಿ. ಬರೆದಂತೆಯೇ ಓದುವ ಕನ್ನಡಿಗರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ತೊಡಕಿರುವುದು ಕೆಲವು ವ್ಯಂಜನಗಳಲ್ಲಿ. ಆ ಭಾಷೆಯಲ್ಲಿ ‘ವಯಸ್ಸು’ ಮತ್ತು ‘ವಸ್ತು’ ಬೇರೆ ಬೇರೆ ಪದಗಳು. ನಮ್ಮ ಬಾಯಲ್ಲಿ ಎರಡೂ ‘ಆಜೊ’ ಆಗಿಬಿಡುತ್ತವೆ.

ಮೊದಲ ಪದದಲ್ಲಿರುವ ವ್ಯಂಜನ ನಮ್ಮ ‘ಜ’ವೇ. ನಾಲಿಗೆ ಅಂಗುಳಕ್ಕೆ ಒತ್ತಿ ಉಸಿರನ್ನು ತಡೆದು ಬಿಡುತ್ತದೆ. ಎರಡನೆಯದರಲ್ಲಿ ನಾಲಿಗೆ ಅಂಗುಳದ ಹತ್ತಿರ ಹೋಗುತ್ತದೆ, ತಾಕುವುದಿಲ್ಲ; ಸಂದಿಯಲ್ಲಿ ಉಸಿರು ಉಜ್ಜಿಕೊಂಡು ಹೊರಡುತ್ತದೆ. ಗಂಟಲ ಮೇಲೆ ಬೆರಳಿಟ್ಟು ‘ಶ್ ಶ್’ ಎಂದು ಎಳೆಯಿರಿ. ಎಳೆಯುತ್ತಲೇ ದನಿ ಸೇರಿಸಿ. ಬೆರಳಿಗೆ ಕಂಪನ ತಾಗಿದ ಕ್ಷಣ ನಿಮ್ಮ ಬಾಯಿಂದ ಬರುವುದೇ ಆ ಧ್ವನಿ. ಇಂಗ್ಲಿಷಿನ ‘ವಿಷನ್’ ಪದದ ನಡುವೆ ಇರುವುದೂ ಅದೇ. ಅದನ್ನು ಉಸಿರಿರುವವರೆಗೂ ಎಳೆಯಬಹುದು, ‘ಜ್’ ಅನ್ನು ಎಳೆಯಲಾಗದು. ಗುರುತು ಹಿಡಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಕಾಣದು. ಆಹಾರಕ್ಕೆ ಎಸ್ಪೆರಾಂಟೊದಲ್ಲಿರುವ ‘ಮಂಜಾಜೊ’ದಲ್ಲಿ ಎರಡೂ ಒಂದರ ಹಿಂದೊಂದು ಕುಳಿತಿವೆ: ಮೊದಲ ‘ಜ’ ತಾಕಬೇಕು, ಎರಡನೆಯದು ತಾಕಬಾರದು.

ತಪ್ಪು ನಾಲಿಗೆಯದಲ್ಲ. ಮನೋವಿಜ್ಞಾನಿಗಳಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದಂತೆ, ಇಂಗ್ಲಿಷ್ ಮನೆಯ ಆರೆಂಟು ತಿಂಗಳ ಮಕ್ಕಳು ಹಿಂದಿಯ ‘ತ’ ಮತ್ತು ‘ಟ’ಗಳ ವ್ಯತ್ಯಾಸವನ್ನು ಗುರುತಿಸುತ್ತಾರೆ, ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಪಾಲು ಕುಗ್ಗಿರುತ್ತದೆ. ಮನೆಮಾತಿನಲ್ಲಿ ಅರ್ಥ ಬದಲಿಸದ ವ್ಯತ್ಯಾಸವನ್ನು ಮಿದುಳು ಗಮನಿಸುವುದನ್ನೇ ಬಿಡುತ್ತದೆ.

ಹಾಗಾಗಿಯೇ ರಾಯಚೂರಿನವರು ಅದೃಷ್ಟವಂತರು. ತೀನ್ ಕಂದೀಲ್ ಸುತ್ತ ಬೆಳೆದವರ ಕಿವಿಗೆ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಬೀಳುತ್ತವೆ. ತೆಲುಗಿನವರ ‘ಚಾಲಾ’ ಶುರುವಾಗುವುದು ‘ತ್ಸ’ದಿಂದ, ಎಸ್ಪೆರಾಂಟೊಗೂ ಅದು ಬೇಕು. ‘ಉತ್ಸವ’ದಲ್ಲಿ ಅದನ್ನು ನಾವೂ ಆಡುತ್ತೇವೆ, ಪದದ ಮೊದಲಲ್ಲಿ ಬಂದಾಗ ಮಾತ್ರ ತಡವರಿಸುತ್ತೇವೆ. ‘ಬಾಜ಼ಾರ್’ನ ಜ಼ ಉರ್ದುವಿನಿಂದ ಸಿಗುತ್ತದೆ. ‘ಖ಼ಬರ್’ ಎನ್ನುವಾಗ ಗಂಟಲ ಬಳಿ ಉಜ್ಜುವ ಖ಼ ಕೂಡ ಎಸ್ಪೆರಾಂಟೊದಲ್ಲಿದೆ.

ಈ ಖ಼ ಜಗತ್ತಿನ ಎಷ್ಟೋ ಕಡೆಯ ಕಲಿಕೆದಾರರಿಗೆ ಕಷ್ಟವಾಯಿತು. ಬಳಕೆಯಲ್ಲಿ ಹಲವು ಪದಗಳು ಅದನ್ನು ಬಿಟ್ಟು ‘ಕ’ಕ್ಕೆ ಬಂದವು; ರಸಾಯನಶಾಸ್ತ್ರದ ‘ಖ಼ೆಮಿಯೊ’ ಈಗ ‘ಕೆಮಿಯೊ’. ಆದರೆ ಪ್ರತಿಧ್ವನಿಗಿರುವ ‘ಎಖ಼ೊ’ ಹಾಗೆ ಬದಲಾಗಲು ಬರುವುದಿಲ್ಲ. ‘ಎಕೊ’ ಎಂದರೆ ಆರಂಭ. ಅಲ್ಲಿ ‘ಖ಼ಬರ್’ನ ಖ಼ ಬೇಕೇ ಬೇಕು.